ಎದುರಾಡುವ ನಾಯಕಿ: ಇಂಗ್ಲಿಷ್ ಚಾರಿತ್ರಿಕ ಪ್ರೇಮಕಾದಂಬರಿಯ ಹಿನ್ನೆಲೆ

ಇಂಗ್ಲಿಷಿನ ಚಾರಿತ್ರಿಕ ಪ್ರೇಮಕಾದಂಬರಿಗಳಲ್ಲಿ ಜಗಳಗಂಟ ಜೋಡಿಗೆ ಬಹಳ ಹಳೆಯ ಜಾಗವಿದೆ. ಅವನಿಗೆ ಸೊಕ್ಕು, ಅವಳಿಗೆ ದುಡುಕು, ಇಬ್ಬರ ನಾಲಿಗೆಯೂ ಹರಿತ. ಈ ಜೋಡಿ ಬೆಳೆದದ್ದು ಕಾದಂಬರಿ ಹುಟ್ಟುವುದಕ್ಕೂ ಮೊದಲು, ರಂಗಭೂಮಿಯಲ್ಲಿ. ಷೇಕ್ಸ್‌ಪಿಯರ್ 1598ರ ಸುಮಾರಿಗೆ ಬರೆದ 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದಲ್ಲಿ ಬಿಯಾಟ್ರಿಸ್ ಮತ್ತು ಬೆನೆಡಿಕ್ ಮದುವೆಯನ್ನೇ ಹಳಿಯುತ್ತ, ಪರಸ್ಪರ ಚುಚ್ಚುತ್ತ, ಕೊನೆಗೆ ಗೆಳೆಯರ ಹೂಟದಿಂದ ಒಂದಾಗುತ್ತಾರೆ. ಆಗ ಬಿಯಾಟ್ರಿಸ್ ಪಾತ್ರವನ್ನು ಆಡುತ್ತಿದ್ದದ್ದು ಹುಡುಗರು. ಎರಡನೆಯ ಚಾರ್ಲ್ಸ್ 1660ರಲ್ಲಿ ಪಟ್ಟಕ್ಕೆ ಮರಳಿದ ಮೇಲೆ ಲಂಡನ್ನಿನ ರಂಗದ ಮೇಲೆ ಹೆಂಗಸರೇ ನಟಿಸತೊಡಗಿದರು. ಮಾತಿಗೆ ಮಾತು ಕೊಡುವ ಹೆಣ್ಣಿನ ಪಾತ್ರಕ್ಕೆ ಹೆಣ್ಣಿನ ದನಿಯೇ ಸಿಕ್ಕಿತು. 1667ರಲ್ಲಿ ಡ್ರೈಡನ್‌ನ 'ಸೀಕ್ರೆಟ್ ಲವ್' ನಾಟಕದಲ್ಲಿ ನೆಲ್ ಗ್ವಿನ್ ಮತ್ತು ಚಾರ್ಲ್ಸ್ ಹಾರ್ಟ್ ಇಂಥ ಜೋಡಿಯಾಗಿ ಆಡಿ ಗೆದ್ದರು. ಕಡೆಯ ಅಂಕದಲ್ಲಿ ಇಬ್ಬರೂ ಮದುವೆಗೆ ಷರತ್ತು ಹಾಕಿಕೊಳ್ಳುವ ದೃಶ್ಯವಿದೆ.

ಆ ಷರತ್ತಿನ ದೃಶ್ಯ ಪೂರ್ಣ ರೂಪಕ್ಕೆ ಬಂದದ್ದು ವಿಲಿಯಂ ಕಾಂಗ್ರೀವ್‌ನ 'ದಿ ವೇ ಆಫ್ ದಿ ವರ್ಲ್ಡ್' ನಾಟಕದಲ್ಲಿ, 1700ರಲ್ಲಿ. ಮಿಲಮೆಂಟ್ ತನ್ನನ್ನು ಮೆಚ್ಚಿದ ಮಿರಾಬೆಲ್‌ಗೆ ಒಂದೊಂದಾಗಿ ಕರಾರು ಮುಂದಿಡುತ್ತಾಳೆ. ತನಗೆ ಬಂದ ಪತ್ರಗಳ ಬಗ್ಗೆ ಅವನು ವಿಚಾರಿಸಬಾರದು, ಅವಳ ಕೋಣೆಗೆ ಕೇಳದೆ ಬರಬಾರದು, ಮನಸ್ಸಿಲ್ಲದಾಗ ಯಾರೊಡನೆಯೂ ಮಾತಾಡಲು ಬಲವಂತ ಮಾಡಬಾರದು. ಮಿರಾಬೆಲ್‌ ಕೂಡ ತನ್ನ ಷರತ್ತುಗಳನ್ನು ಹೇಳುತ್ತಾನೆ. ಪ್ರೇಕ್ಷಕರು ನಕ್ಕಿರಬೇಕು. ಆದರೆ ಆ ಕರಾರುಗಳ ಹಿಂದಿದ್ದ ಸಂಗತಿ ನಗುವಂಥದ್ದಲ್ಲ.

ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಅವಳ ನಗದು, ಒಡವೆ, ದುಡಿಮೆ ಎಲ್ಲ ಗಂಡನಿಗೆ ಸೇರುತ್ತಿತ್ತು. ಅವಳ ಜಮೀನಿನ ಉಸ್ತುವಾರಿಯೂ ಅವನದೇ. ತನ್ನ ಹೆಸರಿನಲ್ಲಿ ಒಪ್ಪಂದ ಮಾಡಿಕೊಳ್ಳಲು ಅವಳಿಗೆ ಅಧಿಕಾರವಿರಲಿಲ್ಲ. ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನಕ್ಕೆ 1857ರವರೆಗೂ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಅಂಗೀಕಾರವಾಗಬೇಕಿತ್ತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಹಾಗೆ ಸಿಕ್ಕ ವಿಚ್ಛೇದನಗಳು ಸುಮಾರು 325. ಹೆಂಡತಿಯ ಅರ್ಜಿಯ ಮೇಲೆ ಸಿಕ್ಕವು 4 ಮಾತ್ರ. ಸಿರಿವಂತ ಮನೆತನಗಳು ಮದುವೆಗೆ ಮುನ್ನ ಪತ್ರ ಬರೆಸಿ ಮಗಳ ಕೈಖರ್ಚು, ಗಂಡ ತೀರಿಕೊಂಡರೆ ಸಿಗಬೇಕಾದ ಆದಾಯ ಇವನ್ನು ಗೊತ್ತುಮಾಡುತ್ತಿದ್ದವು. ಒಟ್ಟಿನಲ್ಲಿ ಹೆಣ್ಣು ಚೌಕಾಸಿ ಮಾಡಲು ಉಳಿದಿದ್ದ ಕಾಲ ಒಂದೇ: ಹೂಂ ಎನ್ನುವುದಕ್ಕೆ ಮುಂಚಿನ ದಿನಗಳು. ನಾಯಕಿಯ ಹರಿತ ಮಾತಿಗೆ ಬೆಲೆ ಬಂದದ್ದು ಇಲ್ಲಿಂದ. ಅದನ್ನು ಬರೀ ಚೆಲ್ಲಾಟವೆಂದು ಓದಿದರೆ ಈ ಕಥೆಗಳ ಅರ್ಧ ಜೀವ ಹೋಗುತ್ತದೆ.

ನಾಟಕದ ಈ ಜೋಡಿಯನ್ನು ಕಾದಂಬರಿಯಲ್ಲಿ ನೆಲೆಗೊಳಿಸಿದವಳು ಜೇನ್ ಆಸ್ಟಿನ್. 1796-97ರಲ್ಲಿ ಮೊದಲ ಕರಡು ಬರೆದ 'ಪ್ರೈಡ್ ಅಂಡ್ ಪ್ರೆಜುಡೀಸ್' 1813ರ ಜನವರಿ 28ರಂದು ಮೂರು ಸಂಪುಟಗಳಲ್ಲಿ, ಲೇಖಕಿಯ ಹೆಸರಿಲ್ಲದೆ ಹೊರಬಂತು. ಹಕ್ಕನ್ನು ಆಕೆ ಪ್ರಕಾಶಕನಿಗೆ 110 ಪೌಂಡಿಗೆ ಮಾರಿಬಿಟ್ಟಿದ್ದಳು. ವರ್ಷಕ್ಕೆ 10,000 ಪೌಂಡ್ ವರಮಾನದ ಡಾರ್ಸಿಯನ್ನು ಎಲಿಜಬೆತ್ ಬೆನೆಟ್ ಮುಖಕ್ಕೆ ಹೊಡೆದಂತೆ ನಿರಾಕರಿಸುತ್ತಾಳೆ. ತಂದೆ ಸತ್ತರೆ ಮನೆ ದಾಯಾದಿಯ ಪಾಲಾಗುತ್ತದೆಂದು ಗೊತ್ತಿದ್ದೂ ಆಡಿದ ಮಾತು ಅದು. ಡಾರ್ಸಿಗೆ ಅಹಂಕಾರವಿರುವುದು ನಿಜ. ಆದರೆ ವಿಕಮ್ ಎಂಬವನ ಸವಿಮಾತು ನಂಬಿ ಡಾರ್ಸಿಯ ಬಗ್ಗೆ ತಪ್ಪು ತೀರ್ಮಾನಕ್ಕೆ ಬಂದದ್ದು ಎಲಿಜಬೆತ್‌ಳ ದೋಷ. ಇಬ್ಬರಲ್ಲೂ ತಿದ್ದಿಕೊಳ್ಳಬೇಕಾದದ್ದು ಇದೆ ಎಂಬುದೇ ಈ ಕೃತಿ ನಂತರದವರಿಗೆ ಬಿಟ್ಟುಹೋದ ದೊಡ್ಡ ಆಸ್ತಿ. ಆಸ್ಟಿನ್‌ಗೆ ಅದು ಚರಿತ್ರೆಯಲ್ಲ, ತನ್ನದೇ ಕಾಲದ ಬದುಕು.

ಅದೇ ಕಾಲವನ್ನು ನೂರು ವರ್ಷಗಳ ಮೇಲೆ ಚರಿತ್ರೆಯಾಗಿ ಕಟ್ಟಿದವಳು ಜಾರ್ಜೆಟ್ ಹೇಯರ್ (1902-1974). ಕಾಯಿಲೆಯ ತಮ್ಮನ ಬೇಸರ ಕಳೆಯಲೆಂದು ಹೆಣೆದ ಕಥೆಯೇ 1921ರಲ್ಲಿ 'ದಿ ಬ್ಲ್ಯಾಕ್ ಮಾತ್' ಎಂಬ ಆಕೆಯ ಮೊದಲ ಕಾದಂಬರಿಯಾಯಿತು. 1935ರ 'ರೀಜೆನ್ಸಿ ಬಕ್' ಕೃತಿಯಿಂದ ರೀಜೆನ್ಸಿ ಪ್ರೇಮಕಾದಂಬರಿ ಎಂಬ ಪ್ರಕಾರವೇ ಶುರುವಾಯಿತೆನ್ನಬಹುದು. ದೊರೆ ಮೂರನೆಯ ಜಾರ್ಜ್ ಬುದ್ಧಿಸ್ವಾಧೀನ ಕಳೆದುಕೊಂಡಾಗ ಮಗ ರಾಜಪ್ರತಿನಿಧಿಯಾಗಿ ಆಳಿದ 1811ರಿಂದ 1820ರವರೆಗಿನ ಅವಧಿಗೆ ರೀಜೆನ್ಸಿ ಎಂದು ಹೆಸರು. ಸಾರೋಟುಗಳ ಬಗೆಗಳು, ಉಡುಪು, ಸಾಮಾನಿನ ದರ, ಜೂಜುಕಟ್ಟೆಯ ಆಡುಮಾತು ಎಲ್ಲವನ್ನೂ ಹೇಯರ್ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಪಾತ್ರಗಳ ಬೈಗುಳ ಕೂಡ ಆ ಕಾಲದ್ದೇ ಆಗಿರಬೇಕೆಂಬ ಹಟ ಆಕೆಗಿತ್ತು. ಸಂದರ್ಶನಗಳಿಂದ ದೂರವಿದ್ದ ಈ ಲೇಖಕಿಯ ಪುಸ್ತಕಗಳು ಭಾರತದ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲೂ ಕೈಯಿಂದ ಕೈಗೆ ಓಡಾಡಿದವು.

ಜಗಳಗಂಟ ಜೋಡಿಯ ಮಟ್ಟಿಗೆ ಆಕೆಯ ಎರಡು ಕೃತಿಗಳು ಮುಖ್ಯ. 'ಫೇರೋಸ್ ಡಾಟರ್' (1941) ಕಾದಂಬರಿಯ ಡೆಬೊರಾ ಅತ್ತೆಯ ಜೂಜಿನ ಮನೆಯಲ್ಲಿ ಇಸ್ಪೀಟು ಹಂಚುವವಳು. ತನ್ನ ದಾಯಾದಿ ತಮ್ಮನನ್ನು ಬಿಟ್ಟುಬಿಡಲು ಎಷ್ಟು ಹಣ ಬೇಕೆಂದು ಕೇಳಿದ ಸಿರಿವಂತ ರಾವೆನ್ಸ್‌ಕಾರ್‌ನನ್ನು ಆಕೆ ಆಳುಗಳಿಂದ ಹಿಡಿಸಿ ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾಳೆ. 'ಬಾತ್ ಟ್ಯಾಂಗಲ್' (1955) ಇನ್ನೂ ಖಾರವಾದದ್ದು. ಇಲ್ಲಿ ಸಿರೀನಾಳ ತಂದೆ, ಮಗಳು ಹಿಂದೆ ನಿಶ್ಚಿತಾರ್ಥ ಮುರಿದುಕೊಂಡ ರೋದರ್‌ಹ್ಯಾಮ್‌ನನ್ನೇ ಅವಳ ಆಸ್ತಿಯ ಪಾಲಕನನ್ನಾಗಿ ಉಯಿಲಿನಲ್ಲಿ ಬರೆದು ಸಾಯುತ್ತಾನೆ. ಅವನ ಒಪ್ಪಿಗೆಯಿಲ್ಲದೆ ಮದುವೆಯಾದರೆ ಆ ಆಸ್ತಿ ಅವಳ ಕೈಗೆ ಬರುವುದಿಲ್ಲ. ಹಳೆಯ ಕಾನೂನು ಹೆಣ್ಣಿನ ಕೊರಳಿಗೆ ಬಿಗಿದ ಹಗ್ಗವೇ ಇಲ್ಲಿ ಕಥೆಯ ಗಂಟು.

ಹೇಯರ್ ಬರೆಯತೊಡಗುವ ಹೊತ್ತಿಗೆ ಆ ಕಾನೂನು ಹೋಗಿತ್ತು. 1870 ಮತ್ತು 1882ರ ಶಾಸನಗಳಿಂದ ಮದುವೆಯಾದ ಹೆಂಗಸರು ಇಂಗ್ಲೆಂಡಿನಲ್ಲಿ ಸ್ವಂತ ಗಳಿಕೆ, ಸ್ವಂತ ಆಸ್ತಿಯ ಹಕ್ಕು ಪಡೆದಿದ್ದರು. ಹಾಗಾಗಿ ಓದುವವರಿಗೆ ಹಳೆಯ ಅಪಾಯ ಕಥೆಯೊಳಗೆ ಉಳಿಯಿತು, ಬದುಕಿನಲ್ಲಿ ಬಹುಪಾಲು ಕಳೆದಿತ್ತು. ಹೇಯರ್‌ಳ ಜಗತ್ತು ಕಿರಿದಾದದ್ದೂ ಹೌದು. ದುಡಿಯುವ ಜನ ಅಲ್ಲಿ ಹೆಚ್ಚಾಗಿ ಆಳುಕಾಳುಗಳು. 'ದಿ ಗ್ರ್ಯಾಂಡ್ ಸೋಫಿ' (1950) ಕೃತಿಯ ಯಹೂದಿ ಲೇವಾದೇವಿಗಾರನ ಚಿತ್ರಣದಲ್ಲಿ ಜನಾಂಗ ದ್ವೇಷ ಎದ್ದು ಕಾಣುತ್ತದೆ. ಆಕೆಯ ಮಾತಿನ ಸೊಗಸು ಈ ಕಲೆಯನ್ನು ಮುಚ್ಚಲಾರದು.

1972ರಲ್ಲಿ ಅಮೆರಿಕದ ಕ್ಯಾಥ್ಲೀನ್ ವುಡಿವಿಸ್ ಬರೆದ 'ದಿ ಫ್ಲೇಮ್ ಅಂಡ್ ದಿ ಫ್ಲವರ್' ಅಗ್ಗದ ಪೇಪರ್‌ಬ್ಯಾಕಿನಲ್ಲಿ ಲಕ್ಷಗಟ್ಟಲೆ ಮಾರಾಟವಾಗಿ ಪ್ರಕಾರದ ದಿಕ್ಕನ್ನೇ ಬದಲಿಸಿತು. ನಾಯಕನ ಬಲಾತ್ಕಾರದಿಂದಲೇ ಅಲ್ಲಿ ಪ್ರೇಮ ಆರಂಭವಾಗುತ್ತದೆ. ಸಮಬಲದ ವಾಗ್ವಾದ ಇದ್ದ ಕಡೆ ಗಂಡಿನ ತೋಳ್ಬಲ ಬಂದು ಕೂತದ್ದು ಈ ಪರಂಪರೆ ಕಂಡ ದೊಡ್ಡ ಇಳಿತ. ಅದರಿಂದ ಮೇಲೆತ್ತಿದವರಲ್ಲಿ ಲೊರೆಟ್ಟಾ ಚೇಸ್ ಒಬ್ಬಳು. ಆಕೆಯ 'ಲಾರ್ಡ್ ಆಫ್ ಸ್ಕೌಂಡ್ರೆಲ್ಸ್' (1995) ಕಾದಂಬರಿಯಲ್ಲಿ, ತನ್ನ ಮಾನ ಕಳೆದ ಡೇನ್ ಪ್ರಭುವಿನ ಮೇಲೆ ಜೆಸಿಕಾ ಪಿಸ್ತೂಲು ಹಾರಿಸುತ್ತಾಳೆ, ವಕೀಲನನ್ನು ಹಿಡಿದು ಪರಿಹಾರ ಕೇಳುತ್ತಾಳೆ. ಕುರೂಪಿಯೆಂಬ ಕೀಳರಿಮೆಯಲ್ಲಿ ಬೆಳೆದು ಒರಟನಾದ ಡೇನ್ ಮಾತಿನಲ್ಲೂ ಅವಳೆದುರು ಸೋಲುತ್ತಾನೆ. ಮಿಲಮೆಂಟ್‌ಳ ನಿಜವಾದ ವಾರಸುದಾರಳು ವುಡಿವಿಸ್‌ಳ ನಾಯಕಿಯಲ್ಲ, ಈ ಜೆಸಿಕಾ.