ಬೆಂಗಳೂರಿನ ಯೆಹೂದ್ಯರು

ನಮ್ಮ ಪುಣಜನೂರನ್ನು ಹಾದು ದಿಂಬಂ ಘಟ್ಟವನ್ನಿಳಿಯುವ ಹೆದ್ದಾರಿಯು ಬೆಂಗಳೂರಿನಿಂದ ಬರುವಂಥದು. ಆ ಮಹಾನಗರವನ್ನು ಆಶ್ರಯಿಸಿ ಬಂದವರಲ್ಲಿ ಯೆಹೂದ್ಯರೂ ಇದ್ದರೆಂಬುದು ತಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾದೀತು.

ಅವರು ಸಂಖ್ಯೆಯಲ್ಲಿ ಬಲು ಸ್ವಲ್ಪ. ಕೊಚ್ಚಿಯ ಯೆಹೂದ್ಯರು 1568ರಲ್ಲಿಯೇ ಪ್ರಾರ್ಥನಾಮಂದಿರವನ್ನು ಕಟ್ಟಿಕೊಂಡಿದ್ದರು. ಬೆಂಗಳೂರಿನವರಿಗೆ ಅಂಥ ಸ್ವಂತ ಮಂದಿರವಿರಲಿಲ್ಲ. ಕಮರ್ಷಿಯಲ್ ಬೀದಿಯಲ್ಲಿ ಪಾದರಕ್ಷೆಗಳ ದೊಡ್ಡ ಅಂಗಡಿಯನ್ನು ನಡೆಸಿದ ರೂಬಿನ್ ಮೋಸೆಸ್ ಅವರಲ್ಲಿ ಪ್ರಮುಖರು. ಮೈಸೂರು ರಸ್ತೆಯಲ್ಲಿ ಈ ಸಮುದಾಯದ ಸ್ಮಶಾನಕ್ಕೆ 1904ರಲ್ಲಿ ಭೂಮಿಯನ್ನಿತ್ತವರು ನಾಲ್ವಡಿ ಕೃಷ್ಣರಾಜ ಒಡೆಯರು.

ಮುಂದೆ 1933ರಲ್ಲಿ ಜರ್ಮನಿಯ ನಾಜಿ ಸರ್ಕಾರವು, ಯೆಹೂದ್ಯ ಮೂಲದವರೆಂಬ ಒಂದೇ ಕಾರಣಕ್ಕೆ ಓಟೋ ಕೋನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿಯನ್ನು ಉದ್ಯೋಗದಿಂದ ತೆಗೆದುಹಾಕಿತು. 1939ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ಕಲ್ಪನೆಯವು. ಒಂದು ನಾಡು ಹೊರಗಟ್ಟಿದ ವಿದ್ಯೆ ಇನ್ನೊಂದು ನಾಡಿಗೆ ಸಂಪತ್ತಾಯಿತು.

1948ರಲ್ಲಿ ಇಸ್ರೇಲ್ ರಾಷ್ಟ್ರವು ಉದಯಿಸಿದ ಬಳಿಕ ಭಾರತದ ಯೆಹೂದ್ಯರಲ್ಲಿ ಬಹುಮಂದಿ ಅಲ್ಲಿಗೆ ತೆರಳಿದರು. ಬೆಂಗಳೂರಿನ ಸ್ಮಶಾನವು ಮಾತ್ರ ಇಂದಿಗೂ ಉಳಿದಿದೆ. ಬದುಕಲು ಬಂದವರಿಗೆ ಮಣ್ಣಾಗುವ ನೆಲವನ್ನೂ ಕೊಟ್ಟ ನಾಡು ಅವರನ್ನು ಪರಕೀಯರೆಂದು ಎಣಿಸಲಿಲ್ಲ. ಮೈಸೂರು ರಸ್ತೆಯಲ್ಲಿ ಸಾಗುವಾಗ ತಾವು ಈ ಮಾತನ್ನು ಒಮ್ಮೆ ನೆನೆಯಬೇಕು.