ಹನ್ನೆರಡನೇ ಕಾಲಂ

ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಕೈಬರಹದ ಪಹಣಿಗಳ ಒಂದು ಕಟ್ಟಿದೆ. ವಿಜಯಪುರದ ಪಕ್ಕದ ಹಳ್ಳಿಯಲ್ಲಿ ನಮಗಿದ್ದ ಹಿಪ್ಪುನೇರಳೆ ತೋಟದ್ದು. ಅದರಲ್ಲಿ ಒಂದು ಹಾಳೆಯನ್ನು ಅಪ್ಪ ಬೇರೆಯಾಗಿ ಮಡಿಸಿಟ್ಟಿದ್ದರು. ಒಂಬತ್ತನೇ ಕಾಲಮಿನಲ್ಲಿ, ಅಂದರೆ ಖಾತೆದಾರರ ಜಾಗದಲ್ಲಿ, ತಾತನ ಹೆಸರು ಸರಿಯಾಗಿಯೇ ಇದೆ. ಸಾಗುವಳಿದಾರರ ಹೆಸರು ಬರೆಯುವ ಹನ್ನೆರಡನೇ ಕಾಲಮಿನಲ್ಲಿ ಮಾತ್ರ ಬೇರೆ ಯಾರದೋ ಹೆಸರಿದೆ. 1974ರ ಭೂಸುಧಾರಣೆಯ ನಂತರ ಆ ಕಾಲಮಿನ ತೂಕ ಏನೆಂದು ಹಳ್ಳಿಯವರಿಗೆ ವಿವರಿಸಬೇಕಿಲ್ಲ. ಅದನ್ನು ತೆಗೆಸಲು ಅಪ್ಪ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದರು.

ಬರೆದ ಗುಮಾಸ್ತರ ಮೇಲೆ ಅಪ್ಪನಿಗೆ ಸಿಟ್ಟಿರಲಿಲ್ಲ. "ಅವ್ನು ಕೆಟ್ಟೋನಲ್ಲ ಕಣಪ್ಪ. ಯಾರು ಏನ್ ತಂದ್ಕೊಟ್ರೂ ಬರ್ಕೊಳ್ತಿದ್ದ, ಅಷ್ಟೇ," ಅನ್ನುತ್ತಿದ್ದರು. ಮುಂದೆ ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಆಪರೇಟಿಂಗ್ ಸಿಸ್ಟಮ್‌ಗಳ ಚರಿತ್ರೆ ಓದುತ್ತಾ ಹೋದ ಹಾಗೆ ಅಪ್ಪನ ಈ ಮಾತು ಮತ್ತೆ ಮತ್ತೆ ನೆನಪಿಗೆ ಬರತೊಡಗಿತು.

ಕಂಪ್ಯೂಟರಿನಲ್ಲಿ ಯಾರು ಏನು ಮಾಡಬಹುದು ಎಂಬುದಕ್ಕೆ ಅಂತಸ್ತುಗಳಿವೆ. ಸಾಮಾನ್ಯ ಬಳಕೆದಾರ ತನ್ನ ಫೈಲುಗಳನ್ನಷ್ಟೇ ಮುಟ್ಟಬಹುದು. ಯೂನಿಕ್ಸಿನಲ್ಲಿ 'ರೂಟ್', ವಿಂಡೋಸಿನಲ್ಲಿ 'ಸಿಸ್ಟಮ್' ಎಂಬ ಖಾತೆ ಎಲ್ಲವನ್ನೂ ಮುಟ್ಟಬಹುದು. ಕೆಳಗಿನ ಅಂತಸ್ತಿನವನು ಯಾವುದೋ ಸಂದಿಯಲ್ಲಿ ನುಸುಳಿ ಮೇಲಿನ ಅಂತಸ್ತಿನ ಅಧಿಕಾರ ಪಡೆಯುವುದನ್ನು 'ಪ್ರಿವಿಲೇಜ್ ಎಸ್ಕಲೇಷನ್' ಅನ್ನುತ್ತಾರೆ. ಇದರಲ್ಲಿ ಬೀಗ ಒಡೆಯುವುದು ಕಡಿಮೆ. ಬೀಗದ ಕೈ ಇಟ್ಟುಕೊಂಡವನ ಕೈಯಲ್ಲೇ ಬಾಗಿಲು ತೆಗೆಸುವುದೇ ಹೆಚ್ಚು.

ಆ ಕೀಲಿಕೈಯನ್ನು ಬೇರೆಯವರಿಗೆ ಕೊಡಬೇಕಾಗಿ ಬಂದದ್ದು ಯಾಕೆ? ಒಂದು ಸಣ್ಣ ತೊಡಕಿತ್ತು. ಪಾಸ್‌ವರ್ಡ್ ಬದಲಿಸುವುದು ಪ್ರತಿಯೊಬ್ಬನ ಹಕ್ಕು. ಆದರೆ ಎಲ್ಲರ ಪಾಸ್‌ವರ್ಡ್ ಇರುವ ಫೈಲಿಗೆ ರೂಟ್ ಒಬ್ಬನೇ ಬರೆಯಬಹುದು. ಎಲ್ಲರಿಗೂ ಬರೆಯಲು ಬಿಟ್ಟರೆ ಒಬ್ಬನು ಇನ್ನೊಬ್ಬನದನ್ನು ತಿದ್ದುತ್ತಾನೆ. ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಇದಕ್ಕೆ 'ಸೆಟ್‌ಯುಐಡಿ' ಎಂಬ ಉಪಾಯ ಹುಡುಕಿದರು. ಒಂದು ಪ್ರೋಗ್ರಾಮಿಗೆ ಆ ಗುರುತು ಹಾಕಿದರೆ, ಯಾರೇ ಓಡಿಸಿದರೂ ಅದು ತನ್ನ ಒಡೆಯನ ಅಧಿಕಾರದಲ್ಲಿ ಕೆಲಸ ಮಾಡುತ್ತದೆ. ಬಳಕೆದಾರ ಕೇಳಿಕೊಳ್ಳುತ್ತಾನೆ, ಪ್ರೋಗ್ರಾಮು ಅವನ ಸಾಲನ್ನಷ್ಟೇ ಬದಲಿಸುತ್ತದೆ. 1973ರಲ್ಲಿ ಅರ್ಜಿ ಹಾಕಿ 1979ರಲ್ಲಿ ಇದಕ್ಕೆ ಪೇಟೆಂಟೂ ಪಡೆದರು. ಶಾನುಭೋಗರ ವ್ಯವಸ್ಥೆಯೂ ಹೀಗೇ ಅಲ್ಲವೇ? ಲೆಕ್ಕದ ಪುಸ್ತಕವನ್ನು ರೈತ ಮುಟ್ಟುವಂತಿಲ್ಲ. ಅವನ ಪರವಾಗಿ ಸರ್ಕಾರದ ಅಧಿಕಾರದಲ್ಲಿ ಬರೆಯುವವರು ಶಾನುಭೋಗರು. ಬರೆಯುವವರು ಎಚ್ಚರದಿಂದ ಇರುವ ತನಕ ಎಲ್ಲವೂ ಸರಿ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹೆಸರಾದ ಪ್ರಸಂಗ 1986ರದ್ದು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟು ವ್ಯತ್ಯಾಸ ಕಂಡಿತು. ಹುಡುಕುತ್ತಾ ಹೋದರೆ ಸಿಕ್ಕವನು ಪಶ್ಚಿಮ ಜರ್ಮನಿಯಲ್ಲಿ ಕೂತಿದ್ದ ಒಬ್ಬ ನುಸುಳುಕೋರ. ಕದ್ದದ್ದನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ ಗುಂಪಿನವನು. ಅವನಿಗೆ ದಾರಿಯಾದದ್ದು 'ಮೂವ್‌ಮೇಲ್' ಎಂಬ ಪುಟ್ಟ ಪ್ರೋಗ್ರಾಮು. ಅಂಚೆಯ ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಷ್ಟೇ ಅದರ ಕೆಲಸ. ಆ ಲ್ಯಾಬಿನಲ್ಲಿ ಅದನ್ನು ಅಳವಡಿಸುವಾಗ ರೂಟ್ ಅಧಿಕಾರ ಕೊಟ್ಟಿದ್ದರು. ಹಾಗಾಗಿ ಅದು ಯಾರ ಫೈಲನ್ನಾದರೂ ಎಲ್ಲಿಗೆ ಬೇಕಾದರೂ ಸಾಗಿಸುತ್ತಿತ್ತು. ಯಂತ್ರ ಐದೈದು ನಿಮಿಷಕ್ಕೊಮ್ಮೆ ತಾನಾಗಿಯೇ ಓಡಿಸುವ ಒಂದು ಪ್ರೋಗ್ರಾಮು ಇತ್ತು. ನುಸುಳುಕೋರ ಅದರ ಜಾಗಕ್ಕೆ ತನ್ನದನ್ನು ಸಾಗಿಸಿ ಸುಮ್ಮನೆ ಕಾದ. ಮುಂದಿನ ಸರದಿಯಲ್ಲಿ ಯಂತ್ರವೇ ಅದನ್ನು ರೂಟ್ ಅಧಿಕಾರದಲ್ಲಿ ಓಡಿಸಿತು. ಇದನ್ನು ಸ್ಟೋಲ್ ಕೋಗಿಲೆಯ ಮೊಟ್ಟೆ ಎಂದು ಕರೆದು, 1989ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ಕಾಗೆ ಗೂಡಿನ ಕೋಗಿಲೆ ಮರಿಯ ಕಥೆ ನಮಗೆ ಹೊಸದೇನಲ್ಲ. ಇಲ್ಲಿ ಕಾವು ಕೊಟ್ಟ ಕಾಗೆ ಕಂಪ್ಯೂಟರು.

ಈ ದೋಷಕ್ಕೆ ಒಳ್ಳೆಯ ಹೆಸರಿಟ್ಟವರು ನಾರ್ಮ್ ಹಾರ್ಡಿ. 1988ರ ಲೇಖನವೊಂದರಲ್ಲಿ ಅವರು ಟೈಮ್‌ಶೇರ್ ಕಂಪನಿಯ ಒಂದು ಘಟನೆ ಹೇಳುತ್ತಾರೆ. ಅಲ್ಲಿನ ಕಂಪೈಲರಿಗೆ ತನ್ನ ಅಂಕಿಅಂಶ ಬರೆದಿಡಲು ಒಂದು ವ್ಯವಸ್ಥೆಯ ಫೋಲ್ಡರಿನಲ್ಲಿ ಅನುಮತಿ ಇತ್ತು. ಗ್ರಾಹಕರ ಬಿಲ್ಲಿನ ಫೈಲೂ ಅದೇ ಫೋಲ್ಡರಿನಲ್ಲಿತ್ತು. ಬಳಕೆದಾರನೊಬ್ಬ ತನ್ನ ಫಲಿತಾಂಶವನ್ನು ಬಿಲ್ಲಿನ ಫೈಲಿನ ಹೆಸರಿಗೇ ಬರೆ ಎಂದು ಕಂಪೈಲರಿಗೆ ಹೇಳಿದ. ಅದು ಬರೆದೇಬಿಟ್ಟಿತು, ಬಿಲ್ಲಿನ ಲೆಕ್ಕ ಅಳಿಸಿಹೋಯಿತು. ಬಳಕೆದಾರನಿಗೆ ಆ ಅಧಿಕಾರವಿರಲಿಲ್ಲ, ಕಂಪೈಲರಿಗೆ ಇತ್ತು. ತಾನು ಯಾರ ಅಧಿಕಾರವನ್ನು ಯಾರ ಕೆಲಸಕ್ಕೆ ಬಳಸುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತಾಗಲಿಲ್ಲ. ಹಾರ್ಡಿ ಅದನ್ನು 'ಗಲಿಬಿಲಿಗೊಂಡ ಗುಮಾಸ್ತ' ಎಂಬರ್ಥದಲ್ಲಿ ಕರೆದರು. ಇದನ್ನು ಮೊದಲ ಸಲ ಓದಿದಾಗ ನನಗೆ ಟ್ರಂಕಿನ ಹಾಳೆ ಕಣ್ಣಿಗೆ ಕಟ್ಟಿತು.

ಗುಮಾಸ್ತರಿಗೆ ಏನು ಮಾಡಬೇಕು? ಕರ್ನಾಟಕ ಒಂದು ದಾರಿ ಹಿಡಿಯಿತು. ಗ್ರಾಮ ಕಚೇರಿಗಳ ರದ್ದತಿಯ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಬರೆಯುವ ಕೈ ಮಾತ್ರ ಒಂದೇ ಆಗಿ ಉಳಿಯಿತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಸಿಗುವಂತಾಯಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ನಿಯಮವೂ ಬಂತು. ದೇವನಹಳ್ಳಿಯಲ್ಲಿ ಮೊದಲ ಗಣಕೀಕೃತ ಪಹಣಿ ಪಡೆದ ದಿನ ಅಪ್ಪ ಬಸ್ಸಿನಲ್ಲೇ ಹನ್ನೆರಡನೇ ಕಾಲಂ ಹುಡುಕಿ ಓದಿದ್ದರಂತೆ.

ಬೆರಳಚ್ಚು ದೊಡ್ಡ ಹೆಜ್ಜೆ. ಆದರೆ ಅದು ಉತ್ತರಿಸುವ ಪ್ರಶ್ನೆ 'ಒಳಗೆ ಬಂದವರು ಯಾರು' ಎಂಬುದೊಂದೇ. ಒಳಗೆ ಓಡುತ್ತಿರುವ ಸರ್ವಿಸುಗಳಿಗೆ ಬೆರಳಿಲ್ಲ. ಮಿಷನ್ ಆನ್ ಆದ ಕೂಡಲೇ ಎದ್ದು, ತೆರೆಯ ಹಿಂದೆ ಮೇಲಿನ ಅಧಿಕಾರದಲ್ಲಿ ದುಡಿಯುವ ಪ್ರೋಗ್ರಾಮುಗಳು ಅವು. ಯಾವುದೇ ಕಚೇರಿಯ, ಯಾವುದೇ ಕಂಪ್ಯೂಟರಿಗೂ ಈ ಮಾತು ಸಲ್ಲುತ್ತದೆ.

ವಿಂಡೋಸಿನ ಪ್ರಿಂಟ್ ಸ್ಪೂಲರ್ ಅಂಥ ಒಂದು ಸರ್ವಿಸು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಅದರ ಒಂದು ದೋಷ ಹಿಡಿದು ಬೇರೆ ಮಿಷನ್ನಿನ ಸಿಸ್ಟಮ್ ಫೋಲ್ಡರಿಗೆ ತನ್ನ ಫೈಲು ಬರೆಸುತ್ತಿತ್ತು. 2021ರಲ್ಲಿ 'ಪ್ರಿಂಟ್‌ನೈಟ್‌ಮೇರ್' ಬಂತು. ಪ್ರಿಂಟರಿನ ಡ್ರೈವರು ಎಂದು ಹೇಳಿ ಸಾಮಾನ್ಯ ಬಳಕೆದಾರ ಏನು ಕೊಟ್ಟರೂ, ಸ್ಪೂಲರ್ ಅದನ್ನು ಸಿಸ್ಟಮ್ ಅಧಿಕಾರದಲ್ಲಿ ಹಾಕಿಕೊಳ್ಳುತ್ತಿತ್ತು. ಜುಲೈನಲ್ಲಿ ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಬಿಟ್ಟಿತು. ಆಗಸ್ಟಿನಲ್ಲಿ ಡ್ರೈವರ್ ಹಾಕಲು ಅಡ್ಮಿನ್ ಅನುಮತಿ ಬೇಕೆಂದು ನಿಯಮವನ್ನೇ ಬದಲಿಸಿತು.

ಆ ದಿನಗಳಲ್ಲಿ ನಾನು ಲ್ಯಾಬಿನ ಒಂದೊಂದೇ ಮಿಷನ್ನಿನ ಮುಂದೆ ಕೂತು ಪ್ಯಾಚ್ ಹಾಕಿ, ಸ್ಪೂಲರ್ ನಿಲ್ಲಿಸುತ್ತಿದ್ದೆ. ಸಹಾಯಕ್ಕೆ ಬಂದಿದ್ದ ವಿದ್ಯಾರ್ಥಿಯೊಬ್ಬ, "ಸಾರ್, ನಮ್ಮ ಲ್ಯಾಬಲ್ಲಿ ಪ್ರಿಂಟರೇ ಇಲ್ವಲ್ಲ, ಇದ್ಯಾಕೆ ಓಡ್ತಿತ್ತು?" ಅಂದ. ಯಾರೂ ನಿಲ್ಲಿಸಿರಲಿಲ್ಲ, ಅದಕ್ಕೇ ಓಡುತ್ತಿತ್ತು. ಅವನ ಪ್ರಶ್ನೆ ಹಿಡಿದು ಉಳಿದ ಸರ್ವಿಸುಗಳನ್ನೂ ನೋಡತೊಡಗಿದೆ. ಒಂದು ಸಾಫ್ಟ್‌ವೇರನ್ನು ಸಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ ಹಾಕಲಾಗಿತ್ತು. ಅದರ ಸರ್ವಿಸು ಸಿಸ್ಟಮ್ ಅಧಿಕಾರದಲ್ಲಿ ಓಡುತ್ತಿತ್ತು. ಆ ಫೋಲ್ಡರಿನಲ್ಲಿ ಮಾತ್ರ ಯಾವ ವಿದ್ಯಾರ್ಥಿ ಬೇಕಾದರೂ ಫೈಲು ಬದಲಿಸಬಹುದಿತ್ತು. ಪ್ರೋಗ್ರಾಮಿನ ಜಾಗದಲ್ಲಿ ತನ್ನದನ್ನು ಇಟ್ಟು, ಮಿಷನ್ ಮತ್ತೆ ಆನ್ ಆಗುವ ತನಕ ಕಾದರೆ ಸಾಕು. 35 ವರ್ಷದ ಹಿಂದಿನ ಅದೇ ಮೊಟ್ಟೆ. ಅದನ್ನು ಹಾಗೆ ಹಾಕಿದವನು ನಾನೇ. ನಾನೂ ಕೆಟ್ಟವನೇನಲ್ಲ.

ಪರಿಹಾರದ ಮೂಲ ಸೂತ್ರ 1975ರಷ್ಟು ಹಳೆಯದು. ಪ್ರತಿ ಪ್ರೋಗ್ರಾಮಿಗೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ ಎಂದು ಸಾಲ್ಟ್ಜರ್ ಮತ್ತು ಶ್ರೋಡರ್ ಆಗಲೇ ಬರೆದಿದ್ದರು. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ 2002ರಲ್ಲಿ ಇದನ್ನು ಮಾಡಿ ತೋರಿಸಿತು. ಸರ್ವಿಸನ್ನು ಎರಡಾಗಿ ಸೀಳಿ, ಹೊರಗಿನವರ ಜೊತೆ ಮಾತಾಡುವ ದೊಡ್ಡ ಭಾಗಕ್ಕೆ ಯಾವ ಅಧಿಕಾರವನ್ನೂ ಕೊಡಲಿಲ್ಲ. ರೂಟ್ ಅಧಿಕಾರ ಒಳಗಿನ ಚಿಕ್ಕ ಭಾಗದಲ್ಲಿ ಮಾತ್ರ ಉಳಿಯಿತು. ದೊಡ್ಡದು ಕೇಳಿದ್ದನ್ನೆಲ್ಲ ಅದು ಮಾಡುವುದಿಲ್ಲ. ಪಟ್ಟಿಯಲ್ಲಿರುವ ಕೆಲವೇ ಕೆಲಸ ಮಾಡುತ್ತದೆ. ಖಾತೆ ಬದಲಾವಣೆಯಲ್ಲಿ ಬರೆಯುವವರೊಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು, ನಡುವೆ ಆಕ್ಷೇಪಣೆಗೆ ಕಾಲಾವಕಾಶ ಇರುವುದೂ ಇದೇ ವಿವೇಕದಿಂದ. ನಮ್ಮ ಲ್ಯಾಬಿನಲ್ಲಿ ನಾನು ಮಾಡಿದ್ದೂ ಇಷ್ಟೇ: ಬೇಡದ ಸರ್ವಿಸು ನಿಲ್ಲಿಸಿದೆ, ಬೇಕಾದುದಕ್ಕೆ ಕಡಿಮೆ ಅಧಿಕಾರದ ಖಾತೆ ಕೊಟ್ಟೆ, ಅವುಗಳ ಫೋಲ್ಡರಿಗೆ ಬೇರೆಯವರು ಬರೆಯದಂತೆ ಮಾಡಿದೆ, ಪ್ಯಾಚಿಗೆ ತಿಂಗಳಿಗೊಂದು ದಿನ ಗೊತ್ತು ಮಾಡಿದೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಕಡೆಯ ಗುಂಟೆ ಗುಂಟೆಗೂ ಬೆಲೆ ಬಂದಿದೆ. ಈಗ ಪಹಣಿ ನೋಡಲು ಬಸ್ಸು ಹತ್ತಬೇಕಿಲ್ಲ, ಫೋನಿನಲ್ಲೇ ಸಿಗುತ್ತದೆ. ಅಪ್ಪ ಇಲ್ಲ. ಯುಗಾದಿ ಕಳೆದ ಮೇಲೆ ಒಂದು ಸಂಜೆ ನಾನು ಸರ್ವೆ ನಂಬರ್ ಹಾಕಿ ಹುಡುಕುತ್ತೇನೆ. ಮೊದಲು ನೋಡುವುದು ಹನ್ನೆರಡನೇ ಕಾಲಂ.