ಕೂಡುವುದು ಸುಲಭ, ಕಳೆಯುವುದು ಕಷ್ಟ: ಓಡುವ ಕರ್ನೆಲ್‌ನ ಮೆಮೊರಿ ಬದಲಾವಣೆಯ ಇತಿಹಾಸ

ಯಂತ್ರ ಓಡುತ್ತಿರುವಾಗಲೇ ಮೆಮೊರಿ ಸೇರಿಸಿಕೊಳ್ಳುವ ಶಕ್ತಿ ಲಿನಕ್ಸ್ ಕರ್ನೆಲ್‌ಗೆ ಬಂದದ್ದು 2006ರ ಜನವರಿಯಲ್ಲಿ, 2.6.15ನೇ ಆವೃತ್ತಿಯ ಜೊತೆ. ಬಳಕೆಯಲ್ಲಿರುವ ಮೆಮೊರಿಯನ್ನು ಬಿಟ್ಟುಕೊಡಲು ಅದು ಕಲಿತದ್ದು ಎರಡು ವರ್ಷದ ಮೇಲೆ, 2008ರ ಜನವರಿಯ 2.6.24ರಲ್ಲಿ, ಅದೂ ಅರ್ಧದಷ್ಟು ಮಾತ್ರ. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಆ ಮೆಮೊರಿಯ ಲೆಕ್ಕಪತ್ರವನ್ನೂ ಅಳಿಸಿ ಹಲಗೆಯನ್ನೇ ಕಿತ್ತುಕೊಳ್ಳುವ ಹಂತ ತಲುಪಲು 2013ರ 3.9ನೇ ಆವೃತ್ತಿಯವರೆಗೆ ಕಾಯಬೇಕಾಯಿತು. ಈ ಅಂತರಕ್ಕೆ ಲಿನಕ್ಸ್ ಬಳಗದ ಆಲಸ್ಯ ಕಾರಣವಲ್ಲ. ಕಳೆದ ಅರ್ಧ ಶತಮಾನದಲ್ಲಿ ಈ ಕೆಲಸಕ್ಕೆ ಕೈಹಾಕಿದ ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಿಗೂ ಕಳೆಯುವ ಲೆಕ್ಕವೇ ಕೈಕೊಟ್ಟಿದೆ. ಒಂದು ತುಂಡು ಮೆಮೊರಿಯನ್ನು ತೆಗೆಯಲು ಸಾಧ್ಯವೇ ಎಂಬುದು ತೆಗೆಯುವ ದಿನ ನಿರ್ಧಾರವಾಗುವುದಿಲ್ಲ, ಅದನ್ನು ಬಳಕೆಗೆ ಬಿಟ್ಟ ಹೊತ್ತಿನಲ್ಲೇ ನಿರ್ಧಾರವಾಗಿಬಿಟ್ಟಿರುತ್ತದೆ ಎಂಬುದು ಈ ಲೇಖನದ ವಾದ.

ಸಮಸ್ಯೆಯ ಬೇರು ಎಲ್ಲಿದೆ ನೋಡೋಣ. ಕರ್ನೆಲ್ ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟ್‌ನ ಪುಟಗಳಾಗಿ ವಿಂಗಡಿಸಿ, ಪ್ರತಿ ಪುಟಕ್ಕೂ ಒಂದು ವಿವರಪಟ್ಟಿ ಇಟ್ಟುಕೊಳ್ಳುತ್ತದೆ. ಹೊಸ ಮೆಮೊರಿ ಬಂದಾಗ ಪಟ್ಟಿಯನ್ನು ಬೆಳೆಸಿ, ಪುಟಗಳನ್ನು ಖಾಲಿ ಪುಟಗಳ ಸಾಲಿಗೆ ಸೇರಿಸಿದರೆ ಮುಖ್ಯ ಕೆಲಸ ಮುಗಿಯಿತು. ತೆಗೆಯುವಾಗ ಹಾಗಲ್ಲ, ಆ ಪುಟಗಳಲ್ಲಿ ಯಾರೋ ನೆಲೆಸಿರುತ್ತಾರೆ. ಬಳಕೆದಾರರ ಪ್ರೋಗ್ರಾಮಿನ ಪುಟವಾದರೆ ತೊಂದರೆಯಿಲ್ಲ: ಅದನ್ನು ಬೇರೆಡೆಗೆ ನಕಲಿಸಿ, ವಿಳಾಸದ ಕೋಷ್ಟಕದಲ್ಲಿ ಒಂದು ನಮೂದು ತಿದ್ದಿದರೆ ಪ್ರೋಗ್ರಾಮಿಗೆ ಸ್ಥಳ ಬದಲಾದದ್ದು ಗೊತ್ತೇ ಆಗುವುದಿಲ್ಲ. ಆದರೆ ಕರ್ನೆಲ್ ತನಗಾಗಿ ತೆಗೆದುಕೊಂಡ ಪುಟಗಳ ಕಥೆ ಬೇರೆ. ವೇಗಕ್ಕಾಗಿ ಲಿನಕ್ಸ್ ‘ನೇರ ನಕ್ಷೆ’ಯನ್ನು ನೆಚ್ಚಿಕೊಂಡಿದೆ. ಭೌತಿಕ ವಿಳಾಸಕ್ಕೆ ಒಂದು ಸ್ಥಿರ ಸಂಖ್ಯೆ ಕೂಡಿಸಿದರೆ ಕರ್ನೆಲ್‌ನ ವರ್ಚುವಲ್ ವಿಳಾಸ ಸಿಗುತ್ತದೆ. ಹಾಗಾಗಿ ಪುಟದ ಜಾಗ ಬದಲಾದರೆ ಅದರತ್ತ ಬೊಟ್ಟುಮಾಡುವ ಪಾಯಿಂಟರ್‌ಗಳೆಲ್ಲ ಸುಳ್ಳಾಗುತ್ತವೆ, ಅವು ಎಲ್ಲೆಲ್ಲಿವೆ ಎಂಬ ಪಟ್ಟಿ ಯಾರ ಬಳಿಯೂ ಇಲ್ಲ. ಮನೆಯ ಸಾಮಾನನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಬಹುದು, ಮಾಡು ಹೊತ್ತ ಕಂಬವನ್ನು ಸಾಗಿಸಲಾಗದು.

ಇದನ್ನು ಮೊದಲು ಗಂಭೀರವಾಗಿ ಎದುರಿಸಿದ್ದು ಮಲ್ಟಿಕ್ಸ್. ಎಂಐಟಿ, ಬೆಲ್ ಲ್ಯಾಬ್ಸ್, ಜನರಲ್ ಎಲೆಕ್ಟ್ರಿಕ್ ಸೇರಿ 1960ರ ದಶಕದ ನಡುವಿನಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಕನಸೇ ಕಂಪ್ಯೂಟರ್ ಸೇವೆ ವಿದ್ಯುತ್ತಿನ ಹಾಗೆ ಎಡೆಬಿಡದೆ ದೊರೆಯಬೇಕು ಎಂಬುದು. ಎಡೆಬಿಡದೆ ಓಡಬೇಕಾದ ಯಂತ್ರವನ್ನು ರಿಪೇರಿಗೆಂದು ನಿಲ್ಲಿಸುವಂತಿಲ್ಲ. ಅಮೆರಿಕದ ವಾಯುಪಡೆಯ ಅಧಿಕಾರಿಯಾಗಿದ್ದ ರೋಜರ್ ಶೆಲ್ 1971ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ವಿಷಯ ಇದೇ: ಬಿಡಿಭಾಗಗಳಿಂದ ಕೂಡಿದ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಮೆಮೊರಿಗಳನ್ನು ಕೆಲಸದ ನಡುವೆಯೇ ಕೂಡಿಸುವ, ಕಳಚುವ ವಿಧಾನ. ಅದು ಕಾಗದದ ಮೇಲೆ ಉಳಿಯಲಿಲ್ಲ. ಎಂಐಟಿಯಲ್ಲಿ ಬಳಕೆದಾರರ ಸಂಖ್ಯೆ ಇಳಿಯುವ ಹೊತ್ತಿನಲ್ಲಿ, ಓಡುತ್ತಿದ್ದ ಯಂತ್ರದಿಂದ ಒಂದೊಂದಾಗಿ ಭಾಗಗಳನ್ನು ಬಿಡಿಸಿ ಎರಡನೆಯದೊಂದು ಪೂರ್ಣ ಕಂಪ್ಯೂಟರನ್ನೇ ಕಟ್ಟುತ್ತಿದ್ದರು. ಮೊದಲನೆಯದರಲ್ಲಿ ಲಾಗಿನ್ ಆಗಿದ್ದವರ ಕೆಲಸ ಸಾಗುತ್ತಲೇ ಇರುತ್ತಿತ್ತು. ಎರಡನೆಯದರಲ್ಲಿ ಹೊಸ ಸಾಫ್ಟ್‌ವೇರಿನ ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಭಾಗಗಳು ಮತ್ತೆ ಮೂಲ ಯಂತ್ರ ಸೇರುತ್ತಿದ್ದವು. ಇಷ್ಟೆಲ್ಲ ಆಗುವಾಗ ಸೇವೆ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಇಂದಿನ ಕ್ಲೌಡ್ ಕಂಪನಿಗಳು ಹೆಮ್ಮೆಯಿಂದ ಹೇಳಿಕೊಳ್ಳುವ ಗುಣ 1970ರ ದಶಕದಲ್ಲೇ ದಿನನಿತ್ಯದ ರೂಢಿಯಾಗಿತ್ತು ಎಂಬುದನ್ನು ನಮ್ಮ ಕಂಪ್ಯೂಟರ್ ವಿಜ್ಞಾನದ ತರಗತಿಗಳಲ್ಲಿ ಹೇಳಿಕೊಡಬೇಕು.

ಮಲ್ಟಿಕ್ಸ್‌ಗೆ ಇದು ಸಾಧ್ಯವಾದದ್ದಕ್ಕೆ ಕಾರಣ ಅದರ ವಿನ್ಯಾಸದಲ್ಲಿದೆ. ಅಲ್ಲಿ ಮೇಲ್ವಿಚಾರಕ ಪ್ರೋಗ್ರಾಮ್ ಕೂಡ, ಬಳಕೆದಾರರ ಪ್ರೋಗ್ರಾಮಿನಂತೆಯೇ, ಸೆಗ್ಮೆಂಟು ಮತ್ತು ಪುಟಗಳ ಕೋಷ್ಟಕದ ಮೂಲಕವೇ ಮೆಮೊರಿಯನ್ನು ಮುಟ್ಟುತ್ತಿತ್ತು. ಆದ್ದರಿಂದ ಅದರ ಬಹುಪಾಲು ಪುಟಗಳನ್ನೂ ಸಾಗಿಸಬಹುದಿತ್ತು. ತೊಡಕಾಗುತ್ತಿದ್ದುದು ಇನ್‌ಪುಟ್–ಔಟ್‌ಪುಟ್ ಯಂತ್ರಾಂಶಕ್ಕೆ ನೇರ ಭೌತಿಕ ವಿಳಾಸ ಕೊಟ್ಟ ಪುಟಗಳು.

ಐಬಿಎಂನ ಆಪರೇಟಿಂಗ್ ಸಿಸ್ಟಮ್ ಎಂವಿಎಸ್ ಹಿಡಿದದ್ದು ಇನ್ನೊಂದು ದಾರಿ. ಅಲ್ಲಿ ನಿರ್ವಾಹಕರು ವ್ಯವಸ್ಥೆಯನ್ನು ಆರಂಭಿಸುವಾಗಲೇ ಆರ್‌ಎಸ್‌ಯು ಎಂಬ ನಿಯತಾಂಕದ ಮೂಲಕ, ಮುಂದೆ ಕಳಚಬಹುದಾದ ಮೆಮೊರಿ ಇಷ್ಟು ಎಂದು ಹೇಳಿಡಬೇಕು. ಬಹುಕಾಲ ಕದಲದೆ ಕೂರುವ ಪುಟಗಳಿಗೆ ಒಂದು ವಲಯ, ಕಳಚಬಹುದಾದ ಮೆಮೊರಿಗೆ ಬೇರೆ ವಲಯ. ಎರಡನೆಯದರಲ್ಲಿ ಸ್ಥಿರ ಪುಟಗಳಿಗೆ ಪ್ರವೇಶವಿಲ್ಲ. ಅದರ ಉತ್ತರಾಧಿಕಾರಿ ಝಡ್/ಓಎಸ್ ಕೂಡ ಇದೇ ಪದ್ಧತಿಯನ್ನು ಮುಂದುವರಿಸಿತು.

1997ರಲ್ಲಿ ಸನ್ ಕಂಪನಿ ಮಾರುಕಟ್ಟೆಗೆ ತಂದ ಎಂಟರ್‌ಪ್ರೈಸ್ 10000 ಈ ಎರಡು ದಾರಿಗಳ ನಡುವಿನದು. ಕ್ರೇ ರಿಸರ್ಚ್‌ನ ಒಂದು ವಿಭಾಗದಲ್ಲಿ ರೂಪುಗೊಂಡ ಈ ಯಂತ್ರದಲ್ಲಿ 16 ಹಲಗೆಗಳು, 64 ಪ್ರೊಸೆಸರ್‌ಗಳು, 64 ಗಿಗಾಬೈಟ್ ಮೆಮೊರಿಗೆ ಜಾಗವಿತ್ತು. ಒಂದು ಹಲಗೆಯನ್ನು ಹೊರತೆಗೆಯಬೇಕಾದರೆ ಸನ್‌ನ ಆಪರೇಟಿಂಗ್ ಸಿಸ್ಟಮ್ ಸೋಲಾರಿಸ್ ಮೊದಲು ಅದರ ಮೆಮೊರಿಯನ್ನು ನಿಧಾನವಾಗಿ ಬರಿದುಮಾಡುತ್ತಿತ್ತು. ಕರ್ನೆಲ್‌ನ ಸ್ಥಿರ ಪುಟಗಳು ಎಲ್ಲ ಹಲಗೆಗಳಿಗೂ ಚದುರಿದರೆ ಒಂದನ್ನೂ ತೆಗೆಯಲಾಗದು ಎಂದು ಅವನ್ನು ‘ಕೇಜ್’ ಎಂಬ ಆವರಣದೊಳಗೆ, ಸಾಧ್ಯವಾದಷ್ಟು ಕಡಿಮೆ ಹಲಗೆಗಳಲ್ಲಿ ಕೂಡಿಹಾಕುವ ಏರ್ಪಾಡು ಮಾಡಿದ್ದರು. ಆ ಕೇಜ್ ಇರುವ ಹಲಗೆಯೇ ಕೆಟ್ಟರೆ? ಆಗ ಇಡೀ ಆಪರೇಟಿಂಗ್ ಸಿಸ್ಟಮನ್ನು ಕೆಲಹೊತ್ತು ಸ್ತಬ್ಧಗೊಳಿಸಿ, ಹಲಗೆಯ ಮೆಮೊರಿಯನ್ನು ಇನ್ನೊಂದು ಹಲಗೆಗೆ ಯಥಾವತ್ ನಕಲಿಸಿ, ಹೊಸ ಹಲಗೆಗೆ ಹಳೆಯದರ ಭೌತಿಕ ವಿಳಾಸವನ್ನೇ ಕೊಡುತ್ತಿದ್ದರು. ಕರ್ನೆಲ್‌ನ ಪಾಯಿಂಟರ್‌ಗಳು ಇದ್ದಂತೆಯೇ ಇರುತ್ತಿದ್ದವು, ಕೆಳಗಿನ ಚಿಪ್‌ಗಳು ಮಾತ್ರ ಬೇರೆ. ಈ ಉಪಾಯದ ಸೊಗಸನ್ನು ಮೆಚ್ಚಲೇಬೇಕು. ಆದರೆ ಇದಕ್ಕೆ ಯಂತ್ರಾಂಶವೂ ಆಪರೇಟಿಂಗ್ ಸಿಸ್ಟಮೂ ಒಬ್ಬರದೇ ಕೈಯಲ್ಲಿರಬೇಕು.

ಲಿನಕ್ಸ್‌ಗೆ ಆ ಭಾಗ್ಯವಿರಲಿಲ್ಲ. ಕಂಡಕಂಡ ಯಂತ್ರಗಳ ಮೇಲೆಲ್ಲ ಅದು ಓಡಬೇಕಿತ್ತು. 2004ರ ಜುಲೈನಲ್ಲಿ ಒಟ್ಟಾವಾ ಲಿನಕ್ಸ್ ಸಮಾವೇಶದಲ್ಲಿ ಐಬಿಎಂನ ಡೇವ್ ಹ್ಯಾನ್ಸನ್ ಮತ್ತು ಅವರ ಸಂಗಡಿಗರು ಹಾಟ್‌ಪ್ಲಗ್, ಅಂದರೆ ಯಂತ್ರ ಓಡುತ್ತಿರುವಾಗಲೇ ಕೂಡಿಸಿ ಕಳಚಬಹುದಾದ, ಮೆಮೊರಿಯ ಬಗ್ಗೆ ಮಂಡಿಸಿದ ಪ್ರಬಂಧ ಈ ಪ್ರಯತ್ನದ ನಿಜವಾದ ಆರಂಭಪತ್ರ. ಐಬಿಎಂಗೆ ತನ್ನ ಪವರ್ ಯಂತ್ರಗಳನ್ನು ವಿಭಾಗಿಸಿ, ವಿಭಾಗಗಳ ನಡುವೆ ಮೆಮೊರಿ ಹಂಚುವ ಅಗತ್ಯವಿತ್ತು. ಅದರದೇ ಎಐಎಕ್ಸ್ 5.2 ಆವೃತ್ತಿ 2002ರಲ್ಲೇ ಅದನ್ನು ಮಾಡುತ್ತಿತ್ತು. ಜಪಾನಿನ ಫುಜಿತ್ಸುವಿಗೆ 2005ರಲ್ಲಿ ಹೊರತಂದ ಪ್ರೈಮ್‌ಕ್ವೆಸ್ಟ್ ಸರ್ವರ್‌ಗಳು ನಿಲ್ಲದೆ ಓಡಬೇಕಿತ್ತು. ಹಾಗಾಗಿ ಈ ಕೋಡಿನ ದೊಡ್ಡ ಪಾಲು ಈ ಎರಡು ಕಂಪನಿಗಳ ಎಂಜಿನಿಯರುಗಳದು.

ಮೊದಲ ಅಡ್ಡಿ ಪುಟಗಳ ವಿವರಪಟ್ಟಿಯದು. ಅದು ಒಂದೇ ಉದ್ದದ ಸಾಲಾಗಿತ್ತು. ನಡುವೆ ಕತ್ತರಿಸಲಾಗದು, ಕೊನೆಗೆ ಜೋಡಿಸಲಾಗದು. ಆ್ಯಂಡಿ ವಿಟ್‌ಕ್ರಾಫ್ಟ್ ರೂಪಿಸಿದ, 2005ರ 2.6.13ರಲ್ಲಿ ಸೇರಿದ ‘ಸ್ಪಾರ್ಸ್‌ಮೆಮ್’ ಅದನ್ನು ಸಮಗಾತ್ರದ ಖಂಡಗಳಾಗಿ ಒಡೆಯಿತು. 64 ಬಿಟ್‌ನ ಇಂಟೆಲ್ ಮಾದರಿಯಲ್ಲಿ ಒಂದು ಖಂಡ 128 ಮೆಗಾಬೈಟ್, ಅಂದರೆ 32,768 ಪುಟಗಳು. ಖಂಡಕ್ಕೊಂದು ಪಟ್ಟಿ ಎಂದಾದ ಮೇಲೆ ಹೊಸ ಖಂಡ ಸೇರಿಸುವುದು ದೊಡ್ಡ ಮಾತಾಗಲಿಲ್ಲ, 2.6.15 ಬಂದದ್ದು ಅದರ ಬೆನ್ನಿಗೇ.

ಕಳೆಯುವುದಕ್ಕೆ ಇನ್ನೂ ಎರಡು ಸಾಧನ ಬೇಕಿದ್ದವು. ಪುಟವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ವ್ಯವಸ್ಥೆ 2006ರ 2.6.16ರಲ್ಲಿ ಬಂತು. ಅದನ್ನು ಸೇರಿಸಿದ ಎಸ್‌ಜಿಐ ಸಂಸ್ಥೆಯ ಕ್ರಿಸ್ಟಫ್ ಲಾಮೆಟರ್ ಅವರ ಗಮನ ಹಾಟ್‌ಪ್ಲಗ್ ಮೇಲಿರಲಿಲ್ಲ. ಭಾರಿ ಯಂತ್ರಗಳಲ್ಲಿ ಪುಟವನ್ನು ಅದನ್ನು ಬಳಸುವ ಪ್ರೊಸೆಸರಿನ ಹತ್ತಿರಕ್ಕೆ ತರುವುದು ಅವರಿಗೆ ಬೇಕಿತ್ತು. ಎರಡನೆಯದು ಮೆಲ್ ಗೋರ್ಮನ್ ಅವರ ‘ಮೂವಬಲ್’ ವಲಯ, 2007ರ 2.6.23ರದು. ಸಾಗಿಸಬಲ್ಲ ಪುಟಗಳಿಗಷ್ಟೇ ಅಲ್ಲಿ ಪ್ರವೇಶ. ಎಂವಿಎಸ್ ದಶಕಗಳಿಂದ ಮಾಡಿಕೊಂಡು ಬಂದ ಏರ್ಪಾಡೂ ಇದೇ ಅಲ್ಲವೇ? ಬೇರೆ ಬಳಗ, ಬೇರೆ ಯಂತ್ರ, ಬೇರೆ ಕಾಲ, ಆದರೂ ತಲುಪಿದ ಜಾಗ ಒಂದೇ. ಇದು ಅನುಕರಣೆಯೆಂದು ನನಗನಿಸುವುದಿಲ್ಲ. ನೇರ ನಕ್ಷೆಯನ್ನು ಬಿಡಲು ಒಲ್ಲದ ಕರ್ನೆಲ್‌ಗೆ ಉಳಿಯುವ ದಾರಿ ಇದೊಂದೇ.

ಈ ತಳಪಾಯದ ಮೇಲೆ ಫುಜಿತ್ಸುವಿನ ಕಮೆಝಾವಾ ಹಿರೊಯುಕಿ ಕಳೆಯುವ ಕೋಡನ್ನು ಬರೆದರು. ಅದರ ನಡೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನಿರ್ವಾಹಕರು, ಕರ್ನೆಲ್‌ನ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಮೆಮೊರಿ ತುಂಡಿನ ‘ಸ್ಟೇಟ್’ ಕಡತಕ್ಕೆ ‘ಆಫ್‌ಲೈನ್’ ಎಂಬ ಒಂದು ಪದ ಬರೆಯುತ್ತಾರೆ. ಕರ್ನೆಲ್ ಮೊದಲು ಆ ವ್ಯಾಪ್ತಿಯನ್ನು ಪ್ರತ್ಯೇಕಿಸುತ್ತದೆ: ಅಲ್ಲಿ ಖಾಲಿಯಾದ ಪುಟಗಳು ಇನ್ನು ಯಾರಿಗೂ ಸಿಗವು. ಹೊರಡುತ್ತಿರುವ ಸುದ್ದಿಯನ್ನು ಕರ್ನೆಲ್‌ನ ಇತರ ಅಂಗಗಳಿಗೆ ತಿಳಿಸುತ್ತದೆ. ಅವುಗಳಲ್ಲಿ ಯಾವುದಾದರೂ ತಕರಾರು ಎತ್ತಿದರೆ ಕೆಲಸ ಅಲ್ಲಿಗೇ ರದ್ದು. ಒಂದೊಂದು ಪ್ರೊಸೆಸರೂ ತನ್ನ ಬಳಿ ಕೂಡಿಟ್ಟುಕೊಂಡ ಬಿಡಿ ಪುಟಗಳನ್ನು ಮರಳಿಸುತ್ತದೆ. ಆಮೇಲೆ ಒಂದು ಕೊನೆಯಿಂದ ಇನ್ನೊಂದಕ್ಕೆ ಹುಡುಕುತ್ತ, ಸಿಕ್ಕ ಪುಟಗಳನ್ನು ಬೇರೆಡೆಗೆ ಸಾಗಿಸುತ್ತದೆ. ಸಾಗಿಸಲಾಗದ್ದು ಉಳಿದರೆ ಮತ್ತೆ ಮೊದಲಿನಿಂದ. 32,768 ಪುಟಗಳಲ್ಲಿ ಒಂದೇ ಒಂದು ಕದಲದಿದ್ದರೂ ಇಡೀ ತುಂಡು ಉಳಿದುಕೊಳ್ಳುತ್ತದೆ.

ಎಷ್ಟು ಹೊತ್ತು ಹೀಗೆ ಪ್ರಯತ್ನಿಸಬೇಕು? ಮೊದಲ ಕೋಡಿನಲ್ಲಿ ಅದಕ್ಕೆ 120 ಸೆಕೆಂಡುಗಳ ಗಡುವಿತ್ತು. ಯಂತ್ರ ಬಿಡುವಿಲ್ಲದೆ ದುಡಿಯುತ್ತಿದ್ದರೆ, ಇನ್ನೇನು ಖಾಲಿಯಾಗಲಿದ್ದ ತುಂಡೂ ಗಡುವು ಮೀರಿತೆಂದು ವಿಫಲವಾಗುತ್ತಿತ್ತು. 2017ರಲ್ಲಿ ಸೂಸೆಯ ಮಿಖಾಲ್ ಹೊಕೊ ಆ ಗಡುವನ್ನೇ ತೆಗೆದುಹಾಕಿದರು. ಎಷ್ಟು ಕಾಯಬೇಕೆಂಬ ನಿರ್ಧಾರ ಕೇಳಿದವರಿಗೆ ಸೇರಿದ್ದು. ಬೇಡವೆನಿಸಿದರೆ ಅವರು ಸಿಗ್ನಲ್ ಕಳಿಸಿ ನಿಲ್ಲಿಸಿಕೊಳ್ಳಲಿ. ಚಿಕ್ಕ ತಿದ್ದುಪಡಿ, ಆದರೆ ಕರ್ನೆಲ್ ತನಗೆ ಗೊತ್ತಿಲ್ಲದ್ದನ್ನು ಊಹಿಸಬಾರದು ಎಂಬ ವಿವೇಕ ಅದರಲ್ಲಿದೆ.

ಮೂವಬಲ್ ವಲಯಕ್ಕೂ ಬೆಲೆ ತೆರಬೇಕು. ಎಲ್ಲ ಮೆಮೊರಿಯನ್ನೂ ಅದಕ್ಕೇ ಕೊಟ್ಟರೆ ಕರ್ನೆಲ್‌ಗೆ ತನ್ನ ಕೋಷ್ಟಕಗಳನ್ನಿಡಲು ಜಾಗವಿಲ್ಲದೆ, ಎಷ್ಟೋ ಗಿಗಾಬೈಟ್ ಖಾಲಿಯಿದ್ದರೂ ಯಂತ್ರ ಕುಸಿಯುತ್ತದೆ. ವಲಯದೊಳಕ್ಕೂ ಕದಲದ ಪುಟಗಳು ನುಸುಳುತ್ತಿದ್ದವು. ನೆಟ್‌ವರ್ಕ್ ಕಾರ್ಡಿನಂಥ ಸಾಧನ ನೇರವಾಗಿ ಓದಿ ಬರೆಯಲೆಂದು ಬಳಕೆದಾರರ ಪ್ರೋಗ್ರಾಮಿನ ಪುಟವನ್ನು ದೀರ್ಘಕಾಲ ಹಿಡಿದಿಟ್ಟರೆ, ಸಾಗಿಸಬಲ್ಲ ಪುಟವೂ ಕಂಬವಾಗಿಬಿಡುತ್ತದೆ. ಹಾಗೆ ಹಿಡಿಯುವ ಮುನ್ನವೇ ಆ ಪುಟವನ್ನು ವಲಯದಿಂದ ಹೊರಗೆ ಸಾಗಿಸುವ ಕ್ರಮ ಬಂದದ್ದು 2021ರಲ್ಲಿ. ಮಲ್ಟಿಕ್ಸ್‌ಗೆ ತೊಡಕಾಗಿದ್ದುದೂ ಇದೇ ಬಗೆಯ ಪುಟ.

ಅಷ್ಟರಲ್ಲಿ ಬೇಡಿಕೆಯ ಸ್ವರೂಪ ಬದಲಾಗಿತ್ತು. ಕೈಯಿಂದ ಹಲಗೆ ಕೀಳುವವರು ಕಡಿಮೆಯಾಗಿ, ಒಂದೇ ಯಂತ್ರದೊಳಗಿನ ಹಲವು ವರ್ಚುವಲ್ ಯಂತ್ರಗಳ ನಡುವೆ ಮೆಮೊರಿ ಹಂಚುವವರು ಹೆಚ್ಚಾದರು. ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ವಿವರಿಸಿದ ‘ಬಲೂನ್’ ತಂತ್ರ ಹಾಟ್‌ಪ್ಲಗ್‌ನ ಗೋಜಿಗೇ ಹೋಗದೆ ಕೆಲಸ ಸಾಧಿಸಿತು: ಅತಿಥಿ ಯಂತ್ರದೊಳಗೆ ಒಂದು ಡ್ರೈವರ್ ಪುಟಗಳನ್ನು ಕೇಳಿ ಪಡೆದು ಕೆಳಗಿನ ಆತಿಥೇಯನಿಗೆ ಒಪ್ಪಿಸುತ್ತದೆ. ರೆಡ್ ಹ್ಯಾಟ್‌ನ ಡೇವಿಡ್ ಹಿಲ್ಡೆನ್‌ಬ್ರಾಂಡ್ ಬರೆದು 2020ರ 5.8ರಲ್ಲಿ ಸೇರಿದ ‘ವರ್ಟ್‌ಐಒ-ಮೆಮ್’ ಎರಡು ಪರಂಪರೆಗಳನ್ನು ಒಂದುಗೂಡಿಸಿತು. ಅದು ಹಾಟ್‌ಪ್ಲಗ್‌ನ ಮಾರ್ಗದಲ್ಲೇ ಮೆಮೊರಿ ಸೇರಿಸುತ್ತದೆ, ಆದರೆ 128 ಮೆಗಾಬೈಟ್‌ನ ಹಂಗಿಲ್ಲದೆ ಕೆಲವೇ ಮೆಗಾಬೈಟ್‌ಗಳ ತುಂಡುಗಳನ್ನೂ ಹಿಂದಿರುಗಿಸಬಲ್ಲದು.

ಸೇರಿಸುವ ಕೆಲಸದಲ್ಲೂ ಒಂದು ಹಳೆಯ ಬಾಕಿ ಉಳಿದಿತ್ತು. ಪ್ರತಿ ಪುಟದ ವಿವರಕ್ಕೆ 64 ಬೈಟ್ ಬೇಕು, 128 ಮೆಗಾಬೈಟ್‌ಗೆ 2 ಮೆಗಾಬೈಟ್, 1 ಟೆರಾಬೈಟ್‌ಗೆ 16 ಗಿಗಾಬೈಟ್. ಈ ಜಾಗ ಸಿಗಬೇಕಾದದ್ದು ಈಗಾಗಲೇ ಇರುವ ಮೆಮೊರಿಯಿಂದ. ಮೆಮೊರಿ ಸಾಲದೆ ಬಳಲುತ್ತಿರುವ ಯಂತ್ರಕ್ಕೆ ಮೆಮೊರಿ ಸೇರಿಸಲು ಮೊದಲು ಮೆಮೊರಿ ಕೊಡು ಎಂದಂತಾಯಿತು. 2021ರಲ್ಲಿ ಆಸ್ಕರ್ ಸಾಲ್ವಡಾರ್ ಅವರ ಕೋಡು, ಹೊಸ ತುಂಡಿನ ಪಟ್ಟಿಯನ್ನು ಆ ತುಂಡಿನೊಳಗೇ ಇಡುವ ಆಯ್ಕೆ ಕೊಟ್ಟು ಇದನ್ನು ಪರಿಹರಿಸಿತು.

ಅದೇ ವರ್ಷದ ಅಕ್ಟೋಬರಿನ 5.15ರಲ್ಲಿ ಹಿಲ್ಡೆನ್‌ಬ್ರಾಂಡ್ ಅವರ ‘ಆಟೊ-ಮೂವಬಲ್’ ನೀತಿ ಬಂತು. ಹೊಸ ಮೆಮೊರಿ ಬಂದಾಗ, ಕರ್ನೆಲ್‌ನ ಸ್ವಂತ ಅಗತ್ಯಕ್ಕೆ ಒದಗುವ ಮೆಮೊರಿಯ ಸುಮಾರು ಮೂರು ಪಟ್ಟು ಮೀರದಂತೆ ಅದನ್ನು ಮೂವಬಲ್ ವಲಯಕ್ಕೆ ಸೇರಿಸುವುದು ಅದರ ಕ್ರಮ. ಮೂಲ ಮಿತಿ ಶೇ 301. ಮುಂದೆಂದೋ ತೆಗೆಯುವ ಸಾಧ್ಯತೆಯನ್ನು ಸೇರಿಸುವ ಗಳಿಗೆಯಲ್ಲೇ ಕರ್ನೆಲ್ ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ವ್ಯವಸ್ಥೆಯಿದು. ಆದರೆ ನಿರ್ವಾಹಕರು ಬಯಸಿ ಆರಿಸಿಕೊಳ್ಳದ ಹೊರತು ಈ ನೀತಿ ಜಾರಿಗೆ ಬರುವುದಿಲ್ಲ. ಹಲವು ಸರ್ವರ್‌ಗಳು ಒಂದೇ ಮೆಮೊರಿ ಸಂಗ್ರಹವನ್ನು ಹಂಚಿಕೊಳ್ಳುವ ಸಿಎಕ್ಸ್‌ಎಲ್ ಯಂತ್ರಗಳು ಈಗ ಬರುತ್ತಿವೆ. 2022ರ ಸಿಎಕ್ಸ್‌ಎಲ್ 3.0 ಮಾನದಂಡದ ಪ್ರಕಾರ, ಒಂದು ಸರ್ವರಿಗೆ ಕೊಟ್ಟ ಮೆಮೊರಿಯನ್ನು ಅದು ಓಡುತ್ತಿರುವಾಗಲೇ ಮರಳಿ ಕೇಳಬಹುದು. ಆ ಬೇಡಿಕೆಗೆ ಸರ್ವರ್ ಒಪ್ಪುವುದೋ ಇಲ್ಲವೋ ಎಂಬುದು, ಮೆಮೊರಿ ಬಂದ ದಿನ ಅದನ್ನು ಯಾವ ವಲಯಕ್ಕೆ ಸೇರಿಸಿದ್ದರು ಎಂಬುದರ ಮೇಲೆ ನಿಂತಿದೆ.